ಏಳನೇ ಪೊಟ್ಟಣದ ಚೀಟಿ

ಏಳನೇ ಪೊಟ್ಟಣದ ಚೀಟಿ ಸೊಟ್ಟಗಿತ್ತು. ಗೋಡೆಯ ಕ್ಯಾಲೆಂಡರ್ ಚೂರು ವಾಲಿದರೂ ಸರಿಮಾಡಿಯೇ ಕೂರುವ ನಾಗಮಣಿ ಹಾಗೆ ಅಂಟಿಸುವವಳಲ್ಲ.

ಮೇಟಗಳ್ಳಿಯ ಆ ಸಣ್ಣ ಕಾರ್ಖಾನೆಯಲ್ಲಿ ತಯಾರಾದದ್ದನ್ನು ಪರೀಕ್ಷಿಸಿ ರುಜು ಹಾಕುವುದು ಅವಳ ಕೆಲಸ. ಹವಾಮಾನದ ಉಪಗ್ರಹ ಹೊತ್ತೊಯ್ಯುವ ರಾಕೆಟ್ಟಿನ ಇಂಧನದ ವಾಲ್ವುಗಳಿಗೆ ಹತ್ತು ಉಕ್ಕಿನ ಉಂಗುರ ಹೋಗಬೇಕಿತ್ತು. ನಿನ್ನೆ ತಾನೇ ತೊಳೆಸಿ, ಧೂಳಿಲ್ಲದ ಕೋಣೆಯಲ್ಲಿ ಪೊಟ್ಟಣ ಕಟ್ಟಿದ್ದಳು. ಎಳ್ಳಿನಷ್ಟು ಕಸ ಉಳಿದರೂ ವಾಲ್ವು ಕಚ್ಚಿಕೊಂಡೀತು. ನಾಲ್ಕಕ್ಕೆ ವ್ಯಾನು.

ನಿನ್ನೆ ಸಂಜೆ ಲೇತಿನ ಬಸವರಾಜು, ಕನ್ನಡಕ ಮರೆತೆನೆಂದು ಆ ಕೋಣೆಯ ಕೀ ಇಸಕೊಂಡಿದ್ದ. ಕನ್ನಡಕ ಅವನ ಜೇಬಿನಲ್ಲೇ ಇತ್ತಲ್ಲ? ಇಲ್ಲ, ತನಗೇ ಹಾಗೆ ಕಂಡಿತೋ? ಅವನು ಕೆಡಿಸಿದ್ದ ಒಂದು ಉಂಗುರವನ್ನು ಅವಳು ಮೊನ್ನೆ ಕೆಂಪು ಡಬ್ಬಕ್ಕೆ ಹಾಕಿದ್ದಳು. ಅದನ್ನೇ ಈ ಪೊಟ್ಟಣದೊಳಗೆ ಸೇರಿಸಿದನೆ? ಓಡಿ ಹೋಗಿ ನೋಡಿದಳು. ಅದು ಅಲ್ಲೇ ಇತ್ತು. ಹಾಗಾದರೆ ಪೊಟ್ಟಣ ಬಿಚ್ಚಿದ್ದೇಕೆ? ಅನುಮಾನ ಇನ್ನೂ ಬೆಳೆಯಿತು.

"ಬಸವರಾಜಣ್ಣ, ಏಳನೇದನ್ನ ಬಿಚ್ಚಿದ್ದು ಯಾರು?"

"ನಂಗೇನ್ ಗೊತ್ತಮ್ಮ? ಇಲಿಗಿಲಿ ಇರ್ಬೇಕು."

"ಇಲಿ ತಿರುಗಿ ಚೀಟಿ ಅಂಟಿಸ್ತದಾ?"

ಲೇತು ನಿಂತಿತು. ನಾಗಮಣಿ ಏಳನೇ ಪೊಟ್ಟಣ ಬಿಚ್ಚಿ ಉಂಗುರವನ್ನು ಭೂತಗನ್ನಡಿಯ ಕೆಳಗೆ ಹಿಡಿದಳು. ಒಳಸುತ್ತಿನ ಸಣ್ಣ ತೋಡಿನಲ್ಲಿ ಕೆಂಪು ಚುಕ್ಕೆ. ಕುಂಕುಮ.

"ಶುಕ್ರವಾರ ಮಷೀನಿಗೆಲ್ಲ ಹಚ್ತೀವಲ್ಲಮ್ಮ," ಎಂದ ಬಸವರಾಜು. "ಅಷ್ಟೆತ್ತರ ಹೋಗೋದನ್ನ ಬೆಟ್ಟದಮ್ಮನ ಕುಂಕುಮ ಇಲ್ದೆ ಎಂಗೆ ಕಳ್ಸೋದು? ಹಚ್ಚಿ ಒರೆಸ್ಬುಟ್ಟೆ."

"ಒಂದಕ್ಕೇನಾ?"

"ಒಂದಕ್ಕೇ. ಅಮ್ಮನಾಣೆ."

ಆಣೆಯನ್ನು ನಂಬಿ ರುಜು ಹಾಕುವುದುಂಟೆ? ಮಿಕ್ಕ ಒಂಬತ್ತನ್ನೂ ಬಿಚ್ಚಿದಳು. ಎಲ್ಲವೂ ಚೊಕ್ಕಟ. ಆದರೂ ಮನಸ್ಸು ಒಪ್ಪಲಿಲ್ಲ. ಎಲ್ಲವನ್ನೂ ಮತ್ತೆ ತೊಳೆಯಬೇಕು, ವ್ಯಾನು ನಾಳೆ ಬರಲಿ ಎಂದು ಫೋನು ಮಾಡಿದಳು. ರಿಜಿಸ್ಟರಿನಲ್ಲಿ 'ತಪ್ಪು ಯಾರದು' ಎಂಬಲ್ಲಿ ಪೆನ್ನು ನಿಂತಿತು. ಅವನ ನಿವೃತ್ತಿಗೆ ಇನ್ನೆರಡೇ ವರ್ಷ, ಮಾಲೀಕರು ಸುಮ್ಮನಿರುವವರಲ್ಲ.

"ಬರ್ಕೋ ಕಣಮ್ಮ," ಎಂದ ಬಸವರಾಜು. "ಅಲ್ಲಿ ಅಮ್ಮನ ಹೆಸ್ರು ಬರಿಯಕ್ಕಾಗ್ತದಾ?"

ಬರೆದಳು. ಅಕ್ಷರ ಸೊಟ್ಟಗಾಯಿತು.

ಅವನು ಉಂಗುರಗಳ ತಟ್ಟೆ ಎತ್ತಿಕೊಂಡು ತೊಳೆಯುವ ಕೋಣೆಗೆ ಹೊರಟ. ನಾಗಮಣಿ ಬಾಗಿಲಿಗೆ ಅಡ್ಡ ನಿಂತಳು.

"ಮೊದ್ಲು ಜೇಬು ತೋರ್ಸಿ ಅಣ್ಣ."

ಅವನು ಕುಂಕುಮ ಮಡಿಚಿದ್ದ ಕಾಗದವನ್ನು ತೆಗೆದು ಅವಳ ಅಂಗೈಗಿಟ್ಟ. ಕಸದ ಬುಟ್ಟಿಗೆ ಹಾಕಲು ಅವಳಿಗೆ ಕೈ ಬರಲಿಲ್ಲ. ಹೊರಗೆ ಹೋಗಿ ಸ್ಕೂಟರಿನ ಡಿಕ್ಕಿಯಲ್ಲಿಟ್ಟು, ಎರಡು ಸಲ ಕೈ ತೊಳೆದು ಬಂದಳು.