ಎಡಕ್ಕೆ ವಾಲಿದ ದೋಣಿ

ನಿಡಗುಂದಿಯ ಆಚೆ, ಆಲಮಟ್ಟಿ ಹಿನ್ನೀರಿನ ದಂಡೆಯಲ್ಲಿ ಹೊಸದಾಗಿ ಶುರುವಾಗಲಿದ್ದ ಜಲಕ್ರೀಡಾ ಕೇಂದ್ರಕ್ಕೆ ತರಬೇತುದಾರರು ಒಬ್ಬರೇ ಬೇಕಾಗಿದ್ದರು. ನನ್ನ ಮಗಳ ಮಗಳು ಕೋಮಲ ಅರ್ಜಿ ಹಾಕಿದ್ದಳು. ಪರೀಕ್ಷೆಗಳು ಮೂರು. ಮೊದಲು ದೋಣಿಯ ಹಿಂದೆ ಹಗ್ಗ ಹಿಡಿದು ಸ್ಕೀ, ಆಮೇಲೆ ಒಂದೇ ಹಲಗೆಯ ಮೇಲೆ ನಿಂತು ತೆರೆಯಿಂದ ತೆರೆಗೆ ಹಾರುವ ವೇಕ್‌ಬೋರ್ಡ್, ಕೊನೆಗೆ ವೇಕ್‌ಸರ್ಫ್. ಈ ಕೊನೆಯದರಲ್ಲಿ ಹಗ್ಗವನ್ನು ಬಿಟ್ಟು, ದೋಣಿ ಎಬ್ಬಿಸಿದ ತೆರೆಯ ಬಲದಿಂದಲೇ ಒಂದು ನಿಮಿಷ ಸಾಗಬೇಕು. ಪ್ರತಿಯೊಂದಕ್ಕೂ ದೋಣಿಯಲ್ಲಿ ಎಲ್ಲಿ ಎಷ್ಟು ಭಾರವಿರಬೇಕೆಂದು ಅಭ್ಯರ್ಥಿಯೇ ಹೊಂದಿಸಬೇಕು. ದೋಣಿ ನಡೆಸುವ ಪರೀಕ್ಷಕಿ ಸುರೇಖಾ ಏನೂ ಹೇಳುವಂತಿರಲಿಲ್ಲ.

ಭಾರಕ್ಕೆಂದು ಇಟ್ಟಿದ್ದ ನೀರಿನ ಚೀಲಗಳನ್ನು ಶೆಡ್ಡಿನಲ್ಲಿ ಇಲಿಗಳು ಕಡಿದಿದ್ದವು. ಪರೀಕ್ಷೆಯ ಹಿಂದಿನ ದಿನ ಅದನ್ನು ನೋಡಿದ ಕೋಮಲ ನೇರವಾಗಿ ಗೈಬುಸಾಬರ ಪಂಕ್ಚರ್ ಅಂಗಡಿಗೆ ಹೋದಳು. ನೇಗಿಲು ಹೊಡೆಯುವ ಮುಂಚೆ ಟ್ರ್ಯಾಕ್ಟರಿನ ದೊಡ್ಡ ಗಾಲಿಗಳಿಗೆ ನೀರು ತುಂಬಿಸಲು ನಮ್ಮ ಕಡೆಯವರು ಅವರಲ್ಲಿಗೇ ಹೋಗುತ್ತಾರೆ. ಭಾರವಿದ್ದರೆ ಗಾಲಿ ಜಾರುವುದಿಲ್ಲ.

"ದೋಣಿ ಒಳಗೂ ನೀರು ಬೇಕೇನವಾ? ಹೊರಗ ಇರೋದು ಸಾಲವಲ್ದೇನು?" ಎಂದು ನಕ್ಕರಂತೆ ಗೈಬುಸಾಬರು.

ಮರುದಿನ ಸಂತೆಯಿದ್ದರೂ ಅಂಗಡಿ ಮುಚ್ಚಿ, ಎರಡು ಹೊಸ ಟ್ರ್ಯಾಕ್ಟರ್ ಟ್ಯೂಬು ಮತ್ತು ಸಣ್ಣ ಪಂಪು ಹೇರಿಕೊಂಡು ಬಂದರು. ಟ್ಯೂಬಿನ ಹಿತ್ತಾಳೆ ಮೂತಿಗೆ ಹಳೆಯ ಅರಿವೆ ಸುತ್ತಿದ್ದರು. ಅದು ಯಾರ ಕಾಲಿಗೂ ತರಚಬಾರದೆಂದು. ಅವರಿಗೆ ಯಾರೂ ಹಾಗೆ ಹೇಳಿರಲಿಲ್ಲ.

ಸ್ಕೀಗೆ ತೆರೆ ಇಲ್ಲದಷ್ಟೂ ಒಳ್ಳೆಯದು. ಕೋಮಲ ಖಾಲಿ ದೋಣಿಯ ಹಿಂದೆ ಸರಾಗವಾಗಿ ಹೋಗಿ ಬಂದಳು. ವೇಕ್‌ಬೋರ್ಡಿಗೆ ಎರಡೂ ಟ್ಯೂಬುಗಳನ್ನು ತುಂಬಿಸಿ ಹಿಂಭಾಗದ ಎಡಕ್ಕೊಂದು, ಬಲಕ್ಕೊಂದು ಇಡಿಸಿದಳು. ದೋಣಿಯ ಎರಡೂ ಬದಿಗೆ ಸಮವಾದ ತೆರೆಗಳು ಎದ್ದವು. ಅವಳು ಒಂದರಿಂದ ಹಾರಿ ಇನ್ನೊಂದಕ್ಕೆ ಇಳಿದಳು.

"ಕಾಕಾ, ಈಗ ಬಲಗಡೀದು ಪೂರಾ ಖಾಲಿ ಮಾಡ್ರಿ. ದೋಣಿ ಎಡಕ್ಕ ವಾಲಬೇಕು. ಆವಾಗ ಎಡಗಡೆ ತೆರಿ ದೊಡ್ಡದಾಗ್ತೈತಿ."

"ಒಂದ ಬಾಜೂಕ ವಜ್ಜಿ? ಟ್ರ್ಯಾಕ್ಟರ್ ಆಗಿದ್ರ ಪಲ್ಟಿ ಹೊಡಿತಿತ್ತು!"

"ಇದು ಟ್ರ್ಯಾಕ್ಟರ್ ಅಲ್ಲ ಕಾಕಾ."

ಅವರು ಆಯಿತೆಂದು ತಲೆಯಾಡಿಸಿದರು. ಆದರೆ ಅವಳು ಹಲಗೆ ಬದಲಿಸಲು ಹೋದಾಗ ಬಲಗಡೆಯ ಟ್ಯೂಬಿನಿಂದ ಸ್ವಲ್ಪವೇ ನೀರು ಬಿಟ್ಟು, ಮೂತಿ ಬಿಗಿದು, ಮೇಲೆ ತಾಡಪತ್ರಿ ಹೊದಿಸಿದರು. ದಂಡೆಯಲ್ಲಿ ನಿಂತಿದ್ದ ನಾನು ನೋಡಿದ್ದು ಅವರಿಗೆ ತಿಳಿಯಿತು.

"ಹುಡುಗಿ ಮುಳುಗಬಾರದಲ್ರೀ, ಅಕ್ಕೋರ" ಎಂದರು ಮೆಲ್ಲಗೆ.

ಮೂವತ್ತು ವರ್ಷ ಬಾಗೇವಾಡಿಯ ಶಾಲೆಯಲ್ಲಿ ವಿಜ್ಞಾನ ಕಲಿಸಿದವಳು ನಾನು. ಆ ನೀರು ಉಳಿದರೆ ದೋಣಿ ಸಾಕಷ್ಟು ವಾಲದೆಂದು ಗೊತ್ತಿದ್ದರೂ ಅವರ ಕಾಳಜಿ ನೋಡಿ ಸುಮ್ಮನಾದೆ.

ತೆರೆ ಅವಳ ಮೀನಖಂಡದವರೆಗೂ ಏಳಲಿಲ್ಲ. ಹಗ್ಗ ಬಿಟ್ಟು ನಾಲ್ಕು ಎಣಿಸುವಷ್ಟರಲ್ಲಿ ಹಲಗೆ ನಿಂತು ಕೋಮಲ ನೀರಿಗಿಳಿದಳು.

"ಇನ್ನೊಂದೇ ಸಲ" ಎಂದರು ಸುರೇಖಾ. ನಿಯಮದಂತೆ ಅಷ್ಟೇ ಹೇಳಿದರು. ಆದರೆ ದೋಣಿಯನ್ನು ತುಂಬ ನಿಧಾನವಾಗಿ ದಂಡೆಗೆ ತಂದು, ಎಂಜಿನ್ ಆರಿಸಿ, ಆಗಷ್ಟೇ ನೀರು ಕುಡಿದಿದ್ದರೂ ಮತ್ತೆ ಬಾಟಲಿ ತೆಗೆದು ಕೂತರು.

ಕೋಮಲ ದೋಣಿಯ ಸುತ್ತ ನೋಡುತ್ತಿದ್ದಳು. ಇನ್ನು ಸುಮ್ಮನಿದ್ದರೆ ಅವಳ ಕೆಲಸ ಹೋಗುತ್ತಿತ್ತು.

"ಬಲಗಡೆ ಟ್ಯೂಬಿನಾಗ ನೀರೈತಿ ಕೋಮಲಾ. ನಾ ನೋಡಿದ್ದೆ, ಹೇಳಲಿಲ್ಲ. ತಪ್ಪಾತು."

ಅವಳು ತಾಡಪತ್ರಿ ಎತ್ತಿದಳು. ಗೈಬುಸಾಬರು ತಮ್ಮ ಚಪ್ಪಲಿ ನೋಡುತ್ತ ನಿಂತರು.

"ಕಾಕಾ, ಮುಳುಗಿದ್ರ ನಾ ಈಸತೇನಿ. ತೆರಿನ ಏಳಲಿಲ್ಲಂದ್ರ ಏನ್ ಮಾಡ್ಲಿ?"

ಅವರು ಪಂಪು ಹಚ್ಚಿದರು. ಕೊನೆಯ ಹನಿಯವರೆಗೆ ಟ್ಯೂಬನ್ನು ಸುರುಳಿ ಸುತ್ತಿ ಹಿಂಡಿದರು. ದೋಣಿ ಎಡಕ್ಕೆ ವಾಲಿತು. ಕೋಮಲ ಅಂಚನ್ನು ನೋಡಿ, "ಇನ್ನೂ ಸ್ವಲ್ಪ ಬೇಕು" ಎಂದು, ಅವರತ್ತ ತಿರುಗಿದಳು. "ಕಾಕಾ, ನೀವು ಎಷ್ಟ ಕೆಜಿ ಅದೀರಿ?"

"ತೊಂಬತ್ತಾರು. ಯಾಕ?"

"ಹತ್ತ್ರಿ."

"ಯವ್ವಾ, ನಾ ಹುಟ್ಟಿದಾಗಿಂದ ದೋಣಿ ಹತ್ತಿಲ್ಲ!"

"ಅದಕ್ಕ ಅಂಜಿ ನೀರ ಉಳಿಸಿದ್ರಿ. ಹತ್ತ್ರಿ. ಆಯಿ, ನೀನೂ ಬಾ."

"ನಾ ಬರೇ ನಲವತ್ತೈದು" ಎಂದೆ.

"ಅಷ್ಟೂ ಬೇಕು."

ಸುರೇಖಾ ಎರಡು ಲೈಫ್ ಜಾಕೆಟ್ ಚಾಚಿದರು. ಗೈಬುಸಾಬರ ಜಾಕೆಟ್ಟಿನ ಪಟ್ಟಿ ಹೊಟ್ಟೆಗೆ ಸಾಲದಿದ್ದಾಗ ತಾವೇ ಬಗ್ಗಿ ಸಡಿಲಿಸಿ ಹಾಕಿದರು.

ನಾವಿಬ್ಬರೂ ಎಡ ಮೂಲೆಯಲ್ಲಿ ಒತ್ತಿಕೊಂಡು ಕೂತೆವು. ದೋಣಿ ಹೊರಟಿತು. ನನ್ನ ಮೊಣಕೈಯ ಹತ್ತಿರವೇ ನೀರು ಹೊರಳಿ, ಏರಿ, ಕೋಮಲಳ ಮೊಣಕಾಲಿನೆತ್ತರ ಹಸಿರು ಗೋಡೆಯಾಗಿ ನಿಂತಿತು. ಅವಳು ಅದರ ಇಳಿಜಾರಿಗೆ ಹಲಗೆ ತಿರುಗಿಸಿ, ಹಗ್ಗವನ್ನು ಬಿಟ್ಟಳು. ಬೀಳಲಿಲ್ಲ. ನಮ್ಮನ್ನೇ ನೋಡಿ ನಗುತ್ತ, ಯಾರೋ ಬೆನ್ನಿಗೆ ಕೈಯಿಟ್ಟು ನೂಕಿದಂತೆ ಬರುತ್ತಲೇ ಇದ್ದಳು.

"ಶಾಬ್ಬಾಸ್!" ಎಂದು ಗೈಬುಸಾಬರು ಎದ್ದರು. ತೆರೆ ಕುಸಿಯಿತು. ಕೋಮಲ ತೂಗಾಡಿದಳು.

"ಕುಂದರ್ರಿ ಕಾಕಾ!" ಎಂದು ಅವಳು ಚೀರಿದಳು.

ಅವರು ದೊಪ್ಪನೆ ಕೂತರು. ತೆರೆ ಮತ್ತೆ ಎದ್ದಿತು. ಕೋಮಲ ಮಂಡಿ ಬಗ್ಗಿಸಿ ಅದನ್ನು ಹಿಡಿದಳು.

"ಅಕ್ಕೋರ, ಉಸಿರಾಡಬಹುದೇನ್ರಿ?"

"ಆಡ್ರಿ. ಏಳಬ್ಯಾಡ್ರಿ."

ಸುರೇಖಾ ಗಡಿಯಾರ ನೋಡಿ ಹೆಬ್ಬೆರಳೆತ್ತಿ ತೋರಿಸಿದರು. ಒಂದು ನಿಮಿಷ ಮುಗಿದಿತ್ತು. ಆದರೂ ಅವರು ದೋಣಿ ನಿಲ್ಲಿಸಲಿಲ್ಲ. ಕೋಮಲ ಸಾಕೆಂದು ಕೈ ಮಾಡುವವರೆಗೂ ನಡೆಸಿದರು.