ಎಡಗಡೆಯ ಗಾಳಿಚೀಲ

ದುಬಾರಿ ಗಾಡಿಗಳಿಗೂ ದೊಡ್ಡ ಮನುಷ್ಯರಿಗೂ ಒಂದು ಹೋಲಿಕೆ ಇದೆ. ನೋವು ಎಲ್ಲಿದೆ ಅಂತ ಬಾಯಿಬಿಟ್ಟು ಹೇಳುವುದಿಲ್ಲ, ಮುಖ ಕೆಳಗೆ ಹಾಕಿ ಕೂತುಬಿಡುತ್ತಾರೆ. ಆ ಕಪ್ಪು ಕಾರು ಮೂರು ದಿನದಿಂದ ಹಾಗೇ ಮಾಡುತ್ತಿತ್ತು. ಬೆಳಿಗ್ಗೆ ಎದ್ದು ನೋಡಿದರೆ ಮುಂದಿನ ಎಡಮೂಲೆ ಚಕ್ರದ ಮೇಲೆ ಕುಸಿದಿರುತ್ತಿತ್ತು. ಎಂಜಿನ್ ಶುರುಮಾಡಿದರೆ ಗುರ್ರೆನ್ನುತ್ತ ಮೆಲ್ಲಗೆ ಮೇಲೇಳುತ್ತಿತ್ತು. ನಾಲ್ಕನೆಯ ದಿನ ಏಳಲೇ ಇಲ್ಲ. ಲಾರಿಯ ಮೇಲೆ ಹೇರಿಸಿಕೊಂಡು ವರ್ಕ್‌ಶಾಪಿಗೆ ಬಂತು. ಹಿಂದೆಯೇ ಟ್ಯಾಕ್ಸಿಯಲ್ಲಿ ಒಡತಿ ಜಡ್ಜಮ್ಮ ಬಂದರು, ಮುಂದಿನ ಸೀಟಿನಲ್ಲಿ ಅವರ ಡ್ರೈವರ್.

ವರ್ಕ್‌ಶಾಪ್ ನಡೆಸುವವಳಿಗೆ ಆ ಡ್ರೈವರ್ ಸ್ವಂತ ಸೋದರಮಾವ. ಇಪ್ಪತ್ತು ವರ್ಷದ ಹಿಂದೆ, ಹೆಣ್ಣುಮಗಳು ಲಾರಿಯ ಕೆಳಗೆ ತೂರುವುದೇ ಅಂತ ಲಾರಿ ಶೆಡ್ಡಿನವರೆಲ್ಲ ಹಲ್ಲು ಕಿಸಿದಾಗ, ಅವಳ ಕೈಗೆ ಸ್ಪ್ಯಾನರ್ ಕೊಟ್ಟು ಅವರ ಬಾಯಿಗೆ ಬೀಗ ಹಾಕಿದವನು ಅವನೇ. ಈಗ ಅವನಿಗೆ ಅರವತ್ತೇಳು, ಬಲಮಂಡಿ ಮಡಚುವುದಿಲ್ಲ. ಆದರೂ ಜಡ್ಜಮ್ಮನವರನ್ನು ಕೂರಿಸಿಕೊಂಡು ಹೊರಟರೆ ಲೋಟದ ನೀರು ತುಳುಕದು. ಅವರ ಬೆನ್ನುಮೂಳೆಗೆ ಎರಡು ಸಲ ಶಸ್ತ್ರಚಿಕಿತ್ಸೆ ಆಗಿತ್ತು. ಚಕ್ರಗಳ ಮೇಲೆ ಸ್ಪ್ರಿಂಗಿನ ಬದಲು ರಬ್ಬರಿನ ಗಾಳಿಚೀಲಗಳಿರುವ, ತೇಲಿದಂತೆ ಓಡುವ ಈ ಕಾರನ್ನು ಅವರ ಮಗಳು ಕೊಡಿಸಿದ್ದೂ ಅದಕ್ಕೇ.

ಜಡ್ಜಮ್ಮ ನೆಟ್ಟನೆಯ ಕುರ್ಚಿಯೊಂದನ್ನು ಆರಿಸಿ ಕೂತರು. ಮಾವ ಗೇಟಿನ ಹತ್ತಿರ ಹೋದಮೇಲೆ ಅವಳನ್ನು ಕರೆದರು.

"ನೋಡಮ್ಮ, ಸುತ್ತಿಬಳಸಿ ಮಾತಾಡೋದು ನನಗೆ ಬರಲ್ಲ. ಮುದುಕ ರಸ್ತೆಯ ಉಬ್ಬುಗಳ ಮೇಲೆ ಹಾರಿಸಿ ಗಾಡಿ ಹಾಳು ಮಾಡಿದಾನೆ, ಬೇರೆಯವನನ್ನ ಇಟ್ಕೋ ಅಂತ ಮಗಳು ಹಟ ಹಿಡಿದಿದಾಳೆ. ಅವನ ತಪ್ಪಾಗಿದ್ರೆ ನಾನೂ ಬೇಡ ಅನ್ನಲ್ಲ. ಸೋದರಸೊಸೆಯ ಸಾಕ್ಷಿ ಅಂತ ಗೊತ್ತಿದ್ದೇ ಕೇಳ್ತಿದೀನಿ. ನೋಡಿ ಹೇಳು."

ಮಾವನಿಗೆ ಆ ಸ್ಟೇರಿಂಗ್ ಬಿಟ್ಟರೆ ಬೇರೆ ಲೋಕವಿಲ್ಲ. ಅತ್ತೆ ತೀರಿಕೊಂಡ ಹದಿನಾಲ್ಕನೆಯ ದಿನವೇ ಡ್ಯೂಟಿಗೆ ಹೋದವನು ಅವನು. ಉಬ್ಬಿನ ಮೇಲೆ ಹಾರಿಸಿದ್ದಾನೆ ಅಂದರೆ ಅವಳು ತಲೆ ಹೋದರೂ ನಂಬಳು. ಆ ಧೈರ್ಯದಲ್ಲೇ ಕಾರನ್ನು ಲಿಫ್ಟಿನ ಮೇಲೆ ಎತ್ತಿ, ಎಡಚಕ್ರ ಕಳಚಿ, ಸೋರಿಕೆ ಹುಡುಕುವ ಸೋಪಿನ ನೀರಿನ ಬಾಟಲಿ ಹಿಡಿದು ಒಳಗೆ ಬಗ್ಗಿದಳು.

ನೀರು ಚಿಮುಕಿಸುವ ಮೊದಲೇ ವಾಸನೆ ಬಂತು. ಡೀಸೆಲ್, ಹಳೇ ಎಂಜಿನ್ ಆಯಿಲ್, ಚೂರು ಸೀಮೆಎಣ್ಣೆ. ಈ ಮಿಶ್ರಣ ಜಗತ್ತಿನಲ್ಲಿ ಒಬ್ಬನದೇ. ಲಾರಿ ಓಡಿಸುವ ಕಾಲದಲ್ಲಿ ಅದರ ಭಾರ ಹೊರುವ ಕಬ್ಬಿಣದ ಪಟ್ಟಿಗಳಿಗೆ ವಾರವಾರ ಬ್ರಷ್ಷಿನಲ್ಲಿ ಬಳಿಯುತ್ತ, "ಹೊಟ್ಟೆಗೆ ಹಾಕಿದ್ರೆ ತಾನೇ ಹೊರೆ ಹೊರೋದು" ಅನ್ನುತ್ತಿದ್ದ ಮಾವ. ಆ ಪಟ್ಟಿಗಳಿಗೆ ಅದು ಅಮೃತವೇ ಇರಬಹುದು. ರಬ್ಬರಿನ ಚೀಲಕ್ಕೆ ವಿಷ. ಚೀಲ ಉಬ್ಬಿ ಮೆತ್ತಗಾಗಿ, ಮಡಿಕೆಗಳಲ್ಲೆಲ್ಲ ಬಿರುಕುಬಿಟ್ಟಿತ್ತು. ಹಿಂದಿನ ಎಡಚೀಲಕ್ಕೂ ಅದೇ ಗತಿ ಶುರುವಾಗಿತ್ತು. ಸೋರಿದಷ್ಟೂ ಗಾಳಿ ತುಂಬಲು ಹೋಗಿ ಪಂಪು ಬಿಡುವಿಲ್ಲದೆ ಓಡಿ ಸುಸ್ತಾಗಿತ್ತು. ಬಲಗಡೆಯವೆರಡೂ ಮಾತ್ರ ಹೊಸದರಂತೆ ಇದ್ದವು.

ಅವಳು ಬಟ್ಟೆ ತಗೊಂಡು ಎಣ್ಣೆಯನ್ನು ಒರೆಸತೊಡಗಿದಳು. ಯಾಕೆ ಒರೆಸುತ್ತಿದ್ದೇನೆ ಅಂತ ಅವಳಿಗೆ ಚೆನ್ನಾಗಿ ಗೊತ್ತಿತ್ತು. ತಲೆ ಎತ್ತಿದರೆ ಮಾವ ಕಂಬದ ಹತ್ತಿರ ನಿಂತು ಅವಳ ಕೈಯನ್ನೇ ನೋಡುತ್ತಿದ್ದ.

"ಏನಾಗಿದೆ?" ಅಂದ.

"ಏನಿಲ್ಲ ಮಾವ, ಕೊಳೆ."

ಕೈ ತೊಳೆದುಕೊಂಡು ಜಡ್ಜಮ್ಮನವರ ಮುಂದೆ ಹೋಗಿ ನಿಂತಳು. ಗಿರಾಕಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ, ಹಾಗಾಗಿ ಅಡ್ಡಗೋಡೆಯ ಮೇಲೆ ದೀಪ ಇಟ್ಟಳು. "ಡ್ರೈವಿಂಗಿಂದ ಆಗಿದ್ದಲ್ಲ ಅಮ್ಮ. ರಬ್ಬರ್ ನೋಡಿ, ವಯಸ್ಸಾದ್ರೆ ಬಿರುಕು ಬಿಡುತ್ತೆ. ಎಡಗಡೆಯ ಎರಡು ಚೀಲ ಬದಲಾಯಿಸಿದ್ರೆ ಸರಿಹೋಗುತ್ತೆ."

"ಬಲಗಡೆಯವು?"

"ಅವು ಚೆನ್ನಾಗಿವೆ."

"ನಾಲ್ಕೂ ಒಂದೇ ದಿನ ಹುಟ್ಟಿದ್ದಲ್ವಾ? ಎಡಗಡೆಗೆ ಮಾತ್ರ ಹೇಗೆ ವಯಸ್ಸಾಯ್ತು?"

ಒಳ್ಳೆಯ ಮೆಕ್ಯಾನಿಕ್ ಅವಳು, ಒಳ್ಳೆಯ ಸುಳ್ಳುಗಾತಿ ಅಲ್ಲ. ಮೂವತ್ತು ವರ್ಷ ಸುಳ್ಳುಗಾರರ ಮುಂದೆ ಕೂತೇ ಸೊಂಟ ಕಳಕೊಂಡ ಹೆಂಗಸಿನ ಮುಂದೆ ಬಂದು ಸಿಕ್ಕಿಕೊಂಡಿದ್ದಳು. ಬಿಸಿಲು ಅನ್ನೋಣವೆಂದರೆ ಕಾರು ನಿಲ್ಲುವುದು ಗ್ಯಾರೇಜಿನೊಳಗೆ. ರಸ್ತೆಯ ಹಳ್ಳ ಅಂದರೆ ಮಾವನ ಕುತ್ತಿಗೆಗೇ ಬರುತ್ತದೆ.

"ಬಲಗಡೆ ಗೋಡೆ ಇದೆ ಅಮ್ಮ," ಅಂದಿತು ಹಿಂದಿನಿಂದ ಮಾವನ ದನಿ. "ನಾನು ಇಳಿಯೋಷ್ಟೇ ಸಂದು ಬಿಟ್ಟು ಕಾರು ಗೋಡೆ ಪಕ್ಕ ನಿಲ್ಸೋದು. ಆ ಸಂದೀಲಿ ಕೂತು ತೂರೋಣ ಅಂದ್ರೆ ಮಂಡಿ ಬಗ್ಗಲ್ಲ. ಬ್ರಷ್ಷು ಆ ಕಡೆ ಹೋಗ್ಲಿಲ್ಲ, ಅದಕ್ಕೆ ಅವು ಉಳ್ಕೊಂಡ್ವು."

ಅವಳು ತಿರುಗಲಿಲ್ಲ. ತಿರುಗಿದರೆ ಅಲ್ಲೇ ಅತ್ತುಬಿಡುತ್ತಿದ್ದಳು.

"ಯಾವ ಬ್ರಷ್ಷು?" ಅಂದರು ಜಡ್ಜಮ್ಮ.

ಮಾವ ಎಲ್ಲವನ್ನೂ ಹೇಳಿದ. ಎಷ್ಟು ಡೀಸೆಲ್, ಎಷ್ಟು ಆಯಿಲ್, ಎಷ್ಟು ತಿಂಗಳಿಂದ. ಹೇಳುವಾಗ ಒಂದು ಅಳತೆ ತಪ್ಪಾಯಿತೆಂದು ನಿಂತು ತಿದ್ದಿಕೊಂಡ. ಆಮೇಲೆ ಸೊಸೆಯ ಕಡೆ ಬೆರಳು ತೋರಿಸಿದ. "ಇವಳಿಗೆ ವಾಸನೆಯಲ್ಲೇ ಗೊತ್ತಾಗಿದೆ. ನನ್ನ ಮುಖ ನೋಡಿ ಮುಚ್ಚಿಟ್ಳು. ಗಾಡಿ ವಿಷಯದಲ್ಲಿ ಸುಳ್ಳು ಹೇಳೋದನ್ನ ನಾನಂತೂ ಕಲಿಸಿರ್ಲಿಲ್ಲ."

"ಯಾಕೆ ಬಳಿದೆ?"

"ಉಬ್ಬು ಹತ್ತುವಾಗ ಕೆಳಗೆಲ್ಲೋ ಕಿರ್ ಅನ್ನೋದು. ಆಗೆಲ್ಲ ನೀವು ಹಿಂದೆ ಉಸಿರು ಹಿಡ್ಕೋತಿದ್ರಿ, ಕನ್ನಡೀಲಿ ಕಾಣ್ಸೋದು. ಗಾಡಿ ನೋಯಿಸ್ತಿದೆ ಅಂದ್ಕೊಂಡೆ." ಅವನು ಜೇಬಿನಿಂದ ಕೀಲಿ ತೆಗೆದು ಮೇಜಿನ ಮೇಲಿಟ್ಟ. "ಅರ್ಥ ಆಗದ ಗಾಡಿ ಓಡಿಸಬಾರ್ದು ಅಮ್ಮ. ಮಗಳು ಹೇಳಿದ್ದೇ ಸರಿ."

ಜಡ್ಜಮ್ಮ ಕೀಲಿಯನ್ನು ನೋಡಿದರು, ಅವನ ಮಂಡಿಯನ್ನು ನೋಡಿದರು.

"ನಾನು ಉಸಿರು ಹಿಡ್ಕೊಳ್ಳೋದು ಅಭ್ಯಾಸಕ್ಕೆ ಕಣಪ್ಪ," ಅಂದರು. "ನೋವಾಗುತ್ತೇನೋ ಅಂತ ಭಯ. ನಿನ್ನ ಗಾಡೀಲಿ ಒಂದು ದಿನವೂ ಆಗಿಲ್ಲ. ಇದನ್ನ ನಾನು ಯಾವತ್ತೋ ಹೇಳಬೇಕಿತ್ತು." ಕುರ್ಚಿಯ ಕೈ ಹಿಡಿದು ಕಷ್ಟದಿಂದ ಎದ್ದರು. "ತೀರ್ಪು ಕೊಡೋಳು ನಾನು, ನೀನಲ್ಲ. ಮಗಳಿಗೆ ನಾನು ಹೇಳ್ಕೋತೀನಿ. ಈ ಗಾಡಿಗೆ ಏನು ಬೇಕು, ಏನು ಬೇಡ ಅಂತ ಇವಳ ಹತ್ರ ಪೂರ್ತಿ ಕಲಿತು ಬಾ. ಅಲ್ಲೀತನಕ ಕೀಲಿ ಇಲ್ಲೇ ಇರಲಿ."

ಟ್ಯಾಕ್ಸಿ ಹೋದಮೇಲೆ ಇಬ್ಬರೂ ಲಿಫ್ಟಿನ ಕೆಳಗೆ ನಿಂತರು. ಗುರುವಿಗೇ ತಿರುಮಂತ್ರ ಹೇಳಲು ಅವಳ ನಾಲಗೆ ಏಳಲಿಲ್ಲ. ಮಾವನೇ ಅಂಗಿಯ ತೋಳು ಮಡಚಿ, "ಹೂಂ, ಶುರು ಮಾಡು," ಅಂದ. ಅವಳು ಅವನ ಅಂಗೈಯನ್ನು ಬಲಗಡೆಯ ಚೀಲದ ಮೇಲೆ ಇಡಿಸಿ, ಕಾರಿಗೆ ಜೋಡಿಸಿದ್ದ ಸ್ಕ್ಯಾನರಿನ ಗುಂಡಿ ಒತ್ತಿ ತುಸು ಗಾಳಿ ತುಂಬಿಸಿದಳು. ಚೀಲ ಅವನ ಕೈಯ ಕೆಳಗೆ ಮೆಲ್ಲಗೆ ಬಿಗಿಯಾಯಿತು. ಮಾವನ ಹುಬ್ಬು ಮೇಲೇರಿತು.

"ಒಳಗೆ ಕಬ್ಬಿಣ ಇಲ್ವೇ ಇಲ್ವಾ?"

"ಇಲ್ಲ ಮಾವ. ಬರೀ ಗಾಳಿ. ಜ್ಯಾಕ್ ಹಾಕೋ ಮುಂಚೆ ಗಾಳಿ ತುಂಬೋ ಸ್ವಿಚ್ಚನ್ನ ಆಫ್ ಮಾಡ್ಬೇಕು. ಗಾಡಿ ಪೂರ್ತಿ ಮೇಲೆದ್ದು ಡ್ಯಾಶ್‌ಬೋರ್ಡಲ್ಲಿ ಎತ್ತರದ ದೀಪ ಆರೋ ತನಕ ಗಾಡಿ ಹೊರಡಿಸ್ಬಾರ್ದು. ಬೆಳಿಗ್ಗೆ ಒಂದು ಮೂಲೆ ತಗ್ಗಿದ್ರೆ ಅವತ್ತೇ ನಂಗೆ ಫೋನ್ ಮಾಡ್ಬೇಕು."

"ಸರಿ. ಮತ್ತೆ ಇದನ್ನ ನೋಡ್ಕೊಳ್ಳೋದು ಹೇಗೆ? ಏನು ಹಚ್ಚೋದು?"

"ಏನೂ ಹಚ್ಬಾರ್ದು. ಮಣ್ಣಾದ್ರೆ ಬರೀ ನೀರಲ್ಲಿ ತೊಳ್ದು ಸುಮ್ನೆ ಬಿಟ್ಬಿಡು."

ಮಾವ ಚೀಲದ ಮೇಲಿಂದ ಕೈ ತೆಗೆಯಲಿಲ್ಲ. ಉಗುರಿನ ಸಂದಿಯ ಕಪ್ಪು ಐವತ್ತು ವರ್ಷದಿಂದ ಹೋಗಿರದ ಕೈ ಅದು.

"ಸುಮ್ನೆ ಬಿಡೋದು ನಂಗೆ ಬರಲ್ಲ ಕಣೇ," ಅಂದ. "ಅದನ್ನೇ ಮೊದಲು ಕಲಿಸು."