ಮೇಣ ಹಚ್ಚಿದ ದಾರ

ಹೆಂಗಸರು ಹಣೆಗೆ ಮೊದಲು ಮೇಣ ತೀಡಿ, ಅದರ ಮೇಲೆ ಕುಂಕುಮ ಒತ್ತಿಕೊಳ್ಳುತ್ತಿದ್ದ ಕಾಲ ಅದು. ಗಂಗಾಧರನಿಗೆ ಜ್ವರ ಬಂದರೆ ಅವನ ಅವ್ವ ಬಗ್ಗಿ, ಹಣೆಗೆ ಹಣೆ ತಾಗಿಸಿ ಮೈ ಬಿಸಿ ನೋಡುತ್ತಿದ್ದಳು. ಆಗ ಮೂಗಿಗೆ ಬರುತ್ತಿದ್ದ ಜೇನುಮೇಣದ ವಾಸನೆ ಅರವತ್ತು ದಾಟಿದರೂ ಅವನನ್ನು ಬಿಟ್ಟಿರಲಿಲ್ಲ.

ಈಗ ಅದೇ ವಾಸನೆ ಹಳೆಯ ಮಿಲಿಟರಿ ಜೀಪೊಂದರ ಡ್ಯಾಶ್‌ಬೋರ್ಡಿನ ಹಿಂದಿನಿಂದ ಬರುತ್ತಿತ್ತು.

ಜೀಪು ಹಿರೇಕೊಡಿಗೆಯ ಮರುಳಸಿದ್ದಪ್ಪನವರದು. ಅವರ ತಂದೆ ಸೈನ್ಯದ ಹರಾಜಿನಲ್ಲಿ ಹಿಡಿದು ತಂದದ್ದು. ಬಟ್ಟೆ ಸುತ್ತಿದ ಅದರ ವೈರುಗಳು ಮುಟ್ಟಿದರೆ ಉದುರುವಷ್ಟು ಹಳತಾಗಿ, ಜೀಪು ನರಸಿಂಹರಾಜಪುರದಲ್ಲಿ ಗಂಗಾಧರನ ರಿಪೇರಿ ಶೆಡ್ಡಿಗೆ ಬಂದಿತ್ತು. ಎಲ್ಲವನ್ನೂ ಕಿತ್ತು ಹೊಸದಾಗಿ ವೈರಿಂಗ್ ಮಾಡುವ ಕೆಲಸ ಹಿಡಿದವಳು ಅವನ ಮಗಳು ರಶ್ಮಿ. ಡಿಪ್ಲೊಮಾ ಮುಗಿಸಿ, ಬೇರೆಲ್ಲೂ ಹೋಗದೆ ಅಪ್ಪನ ಪಕ್ಕದಲ್ಲೇ ಸ್ಟೂಲು ಹಾಕಿಕೊಂಡವಳು.

"ಹಳೇ ವಿಮಾನಗಳಲ್ಲಿ ವೈರುಗಳನ್ನ ಮೇಣದ ದಾರದಲ್ಲಿ ಕಟ್ತಿದ್ರಂತೆ ಅಪ್ಪಾ. ಈ ಮುದುಕನಿಗೂ ಹಾಗೇ ಕಟ್ಟೋಣ" ಎಂದು ಅಟ್ಟದಿಂದ ಅಜ್ಜಿಯ ಮೇಣದ ಡಬ್ಬಿ ಹುಡುಕಿ ತಂದಳು. ದಾರಕ್ಕೆ ಮೇಣ ಉಜ್ಜಿ, ಅಮ್ಮ ನೀಲಾಂಬಿಕೆ ಸೇವಂತಿಗೆ ಕಟ್ಟುವ ಗಂಟನ್ನೇ ವೈರುಗಳಿಗೆ ಹಾಕುತ್ತ ಹೋದಳು.

"ಇದೇನೇ, ಜೀಪೋ ದೇವರ ಮಂಟಪವೋ?"

"ನಿಮ್ಮ ಟೇಪು ಒಂದು ಬೇಸಿಗೆಗೇ ಅಂಟು ಬಿಟ್ಟು ಜೋಲಾಡತ್ತೆ. ನನ್ನ ಗಂಟು ನೋಡಿ ಬೇಕಾದ್ರೆ!"

ಮುಂದಿನದೆಲ್ಲ ಕಟ್ಟಿ ಮುಗಿಸಿದ್ದಳು. ಹಿಂದಿನ ದೀಪಗಳಿಗೆ ವೈರು ಕೊಡುವುದಷ್ಟೇ ಉಳಿದಿತ್ತು. ಅಷ್ಟರಲ್ಲಿ ಜ್ವರ ಬಂತು, ಇಳಿಯಲಿಲ್ಲ. ಇಪ್ಪತ್ತಾರರ ಹುಡುಗಿ ಹೋಗಿಬಿಟ್ಟಳು.

ಜೀಪು ಶೆಡ್ಡಿನ ಮೂಲೆಯಲ್ಲಿ ಹಾಗೇ ನಿಂತಿತು. ನೀಲಾಂಬಿಕೆ ಹೂ ಕಟ್ಟುವುದನ್ನು ಬಿಟ್ಟಳು. ದೇವರಿಗೆ ಬಿಡಿಹೂ ಏರಿಸುತ್ತಿದ್ದಳು. ಶೆಡ್ಡಿನ ಕಡೆಗಂತೂ ಕಾಲಿಡಲಿಲ್ಲ. ಮರುಳಸಿದ್ದಪ್ಪನವರು ವರ್ಷವಿಡೀ ಮೂಟೆ ಹೊತ್ತು ಬಸ್ಸಿನಲ್ಲೇ ಪೇಟೆಗೆ ಬಂದರು, ಜೀಪಿನ ಮಾತು ಎತ್ತಲಿಲ್ಲ. ಕಳೆದ ವಾರ ಬಂದವರು ಬಾಗಿಲಲ್ಲೇ ನಿಂತರು. ಕೂರಲು ಅಲ್ಲಿದ್ದದ್ದು ರಶ್ಮಿಯ ಸ್ಟೂಲು ಒಂದೇ.

"ಗಂಗಾಧರ, ಸಿಟ್ಟು ಮಾಡ್ಕೋಬೇಡ ಮಾರಾಯ. ನಿಂಗೆ ಕಷ್ಟ ಆಗೋದಾದ್ರೆ ಕೊಪ್ಪಕ್ಕೆ ಎಳ್ಕೊಂಡು ಹೋಗ್ತೀನಿ. ಅಲ್ಲಿ ಎಲ್ಲ ಕಿತ್ತು ಹೊಸದು ಹಾಕ್ತಾರಂತೆ."

"ಕೀಳೋದು ಯಾಕಣ್ಣ? ಅವಳದ್ದು ಮುಗಿದಿದೆ. ಹಿಂದಿಂದು ನಾನು ಕೊಡ್ತೀನಿ, ಆಯ್ತು."

"ಹಾಗಾದ್ರೆ ಅವಳ ಕೆಲಸ ಹಾಗೇ ಇರ್ಲಿ. ನಂಗೂ ಅದೇ ಬೇಕಿತ್ತು" ಎಂದು ಆ ಹಿರಿಯರು ಕಣ್ಣು ತಪ್ಪಿಸಿ, ಬಾನೆಟ್ಟಿನ ಧೂಳನ್ನು ತಮ್ಮ ಟವೆಲಿನಿಂದ ಒರೆಸಿದರು.

ಮನೆಯಲ್ಲಿ ನೀಲಾಂಬಿಕೆ ಹೇಳಿದ್ದೂ ಅದೇ. "ಅವಳು ಕಟ್ಟಿದ್ದು ಅದೊಂದಾದ್ರೂ ರಸ್ತೆ ಮೇಲೆ ಓಡಾಡ್ಲಿ. ಬಿಚ್ಚಬೇಡಿ."

ಇವತ್ತು ಬೆಳಿಗ್ಗೆ ಹಿಂದಿನ ದೀಪಗಳಿಗೆ ವೈರು ಕೊಟ್ಟು, ಬ್ಯಾಟರಿ ಜೋಡಿಸಿ, ಗಂಗಾಧರ ಸ್ವಿಚ್ ತಿರುಗಿಸಿದ. ಹೆಡ್‌ಲೈಟು ಒಮ್ಮೆ ಹೊಳೆದು ಆರಿತು. ಡ್ಯಾಶ್‌ಬೋರ್ಡಿನ ಹಿಂದಿನಿಂದ ಹೊಗೆ. ಕರಗಿದ ಮೇಣದ ವಾಸನೆ ಮುಖಕ್ಕೆ ಬಡಿಯಿತು.

ಬ್ಯಾಟರಿಯ ವೈರು ಕಿತ್ತೆಸೆದು ಅವನು ಡ್ಯಾಶ್‌ಬೋರ್ಡಿನಡಿ ತಲೆಯಿಟ್ಟು ಅಂಗಾತ ಮಲಗಿ ಟಾರ್ಚು ಬಿಟ್ಟ. ಒಂದು ಗಂಟಿನ ಬಳಿ ತಾಮ್ರ ಬತ್ತಲಾಗಿತ್ತು. ಇಲಿಯ ಹಲ್ಲು. ಒಂದೇ ಜಾಗವಾದರೆ ಟೇಪು ಸುತ್ತಿದರಾಯಿತು ಎಂದುಕೊಂಡ. ಮುಂದಿನ ಗಂಟು ನೋಡಿದ. ಅದರ ಮುಂದಿನದನ್ನೂ ನೋಡಿದ. ನಡುವೆ ವೈರು ಹೊಸದರ ಹಾಗೆ ಹೊಳೆಯುತ್ತಿತ್ತು. ಗಂಟು ಇದ್ದಲ್ಲೆಲ್ಲ ಕಡಿದಿತ್ತು. ಇಲಿಗಳು ಬಂದದ್ದು ವೈರಿನ ಆಸೆಗಲ್ಲ, ಮೇಣದ ಆಸೆಗೆ. ಅವಳು ಎಲ್ಲಿ ಹೆಚ್ಚು ಅಕ್ಕರೆಯಿಂದ ಮೇಣ ಉಜ್ಜಿದ್ದಳೋ ಅಲ್ಲೇ ಹೆಚ್ಚು ತಿಂದಿದ್ದವು.

ಎಲ್ಲದಕ್ಕೂ ಟೇಪು ಸುತ್ತಿ ಕೊಟ್ಟುಬಿಟ್ಟರೆ? ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಘಾಟಿಯ ತಿರುವಿನಲ್ಲಿ ಜೀಪು ಕುಲುಕಿ ವೈರುಗಳು ಒಂದಕ್ಕೊಂದು ತಾಗಿದರೆ ಬೆಂಕಿ. ಒಳಗೆ ಕೂತಿರುವವರು ಮರುಳಸಿದ್ದಪ್ಪನವರು. ರಶ್ಮಿಯೇ ಇಲ್ಲಿದ್ದಿದ್ದರೆ ಏನು ಮಾಡುತ್ತಿದ್ದಳೆಂದು ಅವನಿಗೆ ಗೊತ್ತಿತ್ತು.

ಎದ್ದು ಕಟರ್ ತಂದ. ವೈರುಗಳ ತುದಿಗಳನ್ನು ಒಂದೊಂದಾಗಿ ಕತ್ತರಿಸಿದ. ಇಡೀ ಕಟ್ಟನ್ನು ಮುರಿಯದ ಹಾಗೆ ಹೊರಗೆಳೆದು, ಗೋಣಿಚೀಲದ ಮೇಲೆ ಉದ್ದಕ್ಕೆ ಮಲಗಿಸಿದ.

ಮಧ್ಯಾಹ್ನದ ಊಟಕ್ಕೆ ಮನೆಗೆ ಹೋಗಲಿಲ್ಲ. ಫೋನು ಎತ್ತಲಿಲ್ಲ. ಹೊಸ ವೈರುಗಳನ್ನು ಒಟ್ಟುಮಾಡಿ, ಮೇಣವಿಲ್ಲದ ಬರೀ ದಾರದಲ್ಲಿ ಆ ಗಂಟು ಹಾಕಲು ನೋಡಿದ. ಹಾಕಿದಷ್ಟೂ ಸಡಿಲಾಗುತ್ತಿತ್ತು. ಮಗಳ ಕೈಯನ್ನು ಅಷ್ಟು ದಿನ ನೋಡಿದ್ದರೂ ಗಂಟು ಹಾಕುವುದನ್ನು ಅವನು ಕಲಿತಿರಲಿಲ್ಲ.

ಬಾಗಿಲಲ್ಲಿ ನೆರಳು ಬಿತ್ತು. ನೀಲಾಂಬಿಕೆ ನಿಂತಿದ್ದಳು, ಕೈಯಲ್ಲಿ ಊಟದ ಕ್ಯಾರಿಯರ್. ಅಪ್ಪ ಮಗಳಿಬ್ಬರಿಗೂ ಅವಳು ಊಟ ಕಳಿಸುತ್ತಿದ್ದದ್ದು ಅದರಲ್ಲೇ. ಗೋಣಿಚೀಲದ ಮೇಲಿದ್ದುದನ್ನು ನೋಡಿದಳು.

"ಬಿಚ್ಚಿದ್ರಾ?"

"ಇಲ್ಲ ಕಣೆ. ಕತ್ತರಿಸ್ದೆ. ಇಲಿ..."

ಅವಳು ಬಗ್ಗಿ, ಇಲಿ ತಿಂದುಳಿದ ಒಂದು ಗಂಟನ್ನು ಬೆರಳಿನಿಂದ ಸವರಿದಳು. ಬೆರಳನ್ನು ಮೂಗಿನ ಹತ್ತಿರ ಹಿಡಿದಳು. ಆಮೇಲೆ ಮಗಳ ಸ್ಟೂಲಿನ ಧೂಳು ಒರೆಸಿ ಅದರ ಮೇಲೆ ಕೂತಳು. ಗಂಡನ ಕೈಯಿಂದ ದಾರ ಬಿಡಿಸಿ ತನ್ನ ಮಡಿಲಲ್ಲಿ ಇಟ್ಟುಕೊಂಡಳು. ಅವನ ಮಸಿಯಾದ ಬೆರಳುಗಳನ್ನು ಸೆರಗಿನಿಂದ ಒರೆಸಿ, ಕ್ಯಾರಿಯರ್ ಬಿಚ್ಚಿ, ಅಕ್ಕಿರೊಟ್ಟಿ ಪಲ್ಯದ ಡಬ್ಬಿಯನ್ನು ಅವನ ಕೈಗೆ ಕೊಟ್ಟಳು.